ತಿಪ್ಪವ್ವ ಆರಿಸಿದ ನೆಲ

ತಿಪ್ಪವ್ವ ತನ್ನ ನೆಲವನ್ನು ತಾನೇ ಆರಿಸುತ್ತೇನೆಂದು ನನ್ನ ಅಂಗಡಿಗೆ ಬಂದ ದಿನ ಅವಳಿಗಿನ್ನೂ ಜ್ವರ ಬಿಟ್ಟಿರಲಿಲ್ಲ. ಸೊಸೆ ಮಹಾನಂದಾಳ ಹೆಗಲಿಗೆ ಆತುಕೊಂಡು, ಮೆಟ್ಟಿಲ ಮೇಲೆ ಎರಡು ಸಲ ಕೂತು, ಉಸಿರು ಸುಧಾರಿಸಿಕೊಂಡು ಒಳಗೆ ಬಂದಳು. ಹಿಂದೆ ಮೊಮ್ಮಗಳು ಶಿವಲೀಲಾ ಇದ್ದಳು. ನಮ್ಮೂರಲ್ಲಿ ನೆಲ ಆರಿಸುವುದು ಉಳಿದವರ ಕೆಲಸ. ತನ್ನದನ್ನು ತಾನೇ ನೋಡಲು ಬಂದವರನ್ನು ನಾನು ನೆಲ ಹಾಕುವ ಮೂವತ್ತು ವರ್ಷದ ಗೌಂಡಿಕೆಯಲ್ಲಿ ಕಂಡಿರಲಿಲ್ಲ. ಕುರ್ಚಿ ಸರಿಸಿ, ಫ್ಯಾನು ಹಾಕಿದೆ.

ಮನೆಯಲ್ಲಿ ಯಾರಾದರೂ ತೀರಿಕೊಂಡರೆ ನಲವತ್ತು ದಿನದೊಳಗೆ ಪಡಸಾಲೆಗೆ ಹೊಸ ನೆಲ ಬೀಳಬೇಕು. ಹಳೆಯದನ್ನು ಅಗೆಯುವಂತಿಲ್ಲ, ಮೇಲಿನ ಮಾಳಿಗೆಯನ್ನು ಎತ್ತರಿಸುವಂತಿಲ್ಲ. ಹಾಗಾಗಿ ನಮ್ಮ ಮನೆಗಳು ಒಳಗಿನಿಂದ ಕುಳ್ಳಾಗುತ್ತ ಹೋಗುತ್ತವೆ. ಹೊಸಬರು ಹತ್ತು ಅಡಿ ಎತ್ತರದ ಪಡಸಾಲೆ ಕಟ್ಟಿಸಿದರೆ, ನಾಲ್ಕು ತಲೆಮಾರು ಕಂಡ ಮನೆಯಲ್ಲಿ ಗಂಡಸರು ರುಮಾಲು ತೆಗೆದು ಕೈಯಲ್ಲಿ ಹಿಡಿದೇ ಒಳಗೆ ಹೋಗುತ್ತಾರೆ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಕರೆಯುವ ಮೊದಲು ಟೇಪು ಹಿಡಿದು ಜಂತಿಯ ತನಕ ಅಳೆಯುತ್ತಾರೆ. ನಿಲ್ಲಲು ಆಗದ ಮನೆಯಲ್ಲಿ ಕೂತುಕೊಂಡು ಬಾಳುತ್ತಾರೆ. ಕೂರಲೂ ಆಗದಾದಾಗ ಬಾಗಿಲಿಗೆ ಕಲ್ಲು ಕಟ್ಟಿ, ಊರ ಹೊರಗಿನ ತಗಡಿನ ಶೆಡ್ಡುಗಳಿಗೆ ಹೋಗುತ್ತಾರೆ.

ನೆಲದ ದಪ್ಪವೇ ಸತ್ತವರ ಮಾನ. ನನ್ನ ಅಪ್ಪ ಸುಣ್ಣದ ಗಚ್ಚು ಹಾಕುತ್ತಿದ್ದ ಕಾಲದಲ್ಲಿ ಮನೆಯ ಯಜಮಾನನಿಗೆ ಒಂದು ಗೇಣು, ದುಡಿಯುವ ಮಗನಿಗೆ ನಾಲ್ಕು ಇಂಚು, ಹೆಂಗಸಿಗೆ ಎರಡು ಎಂದು ಇತ್ತು. ನನ್ನ ಕಾಲಕ್ಕೆ ಅಚ್ಚಿನ ಕಾಂಕ್ರೀಟು ಬಂತು. ಹಸಿ ಇರುವಾಗಲೇ ರಬ್ಬರಿನ ಅಚ್ಚು ಒತ್ತಿದರೆ ಕಲ್ಲು ಕೆತ್ತಿದ ಹಾಗೆ ಬಳ್ಳಿ, ಹೂವು, ಗರಿ ಮೂಡುತ್ತಿತ್ತು. ಜನ ಮರುಳಾದರು. ಆದರೆ ಅದಕ್ಕೂ ದಪ್ಪ ಬೇಕು. ಆರು ವರ್ಷದ ಹಿಂದೆ ನಾನು ದೂರದ ಒಂದು ಪಟ್ಟಣಕ್ಕೆ ಹೋಗಿ, ಗೋದಾಮಿನ ನೆಲಗಳಿಗೆ ಎಪಾಕ್ಸಿ ಬಳಿಯುವುದನ್ನು ಹದಿನೈದು ದಿನ ನಿಂತು ಕಲಿತೆ. ಎರಡು ಡಬ್ಬಿಯ ದ್ರಾವಣ ಕಲಸಿ ಸುರಿದು ಹರಡಿದರೆ ಮರುದಿನ ಗಾಜಿನಂಥ ನೆಲ. ದಪ್ಪ ಎರಡು ಮಿಲಿಮೀಟರು, ಒಂದು ನಾಣ್ಯದಷ್ಟು. ಅದೇ ವರ್ಷ ನನ್ನ ಹೆಂಡತಿ ಜೈತುನಬಿ ಹೋದಳು. ಊರಿನ ಮೊದಲ ಎಪಾಕ್ಸಿ ನೆಲ ಅವಳದೇ, ಆಕಾಶನೀಲಿ. ಬಗ್ಗಿ ನೋಡಿದರೆ ಮುಖ ಕಾಣುತ್ತಿತ್ತು. ಬಂದವರೆಲ್ಲ ಚಪ್ಪಲಿ ಬಿಟ್ಟು, ಕೈಯಿಂದ ಸವರಿ, ಹೊಸ ನೆಲವೂ ಆಯಿತು ಮನೆಯೂ ಕುಳ್ಳಾಗಲಿಲ್ಲ ಎಂದು ಹೊಗಳಿದರು. ನನಗೆ ದುಃಖದ ನಡುವೆಯೂ ಹೆಮ್ಮೆಯಾಗಿತ್ತು, ಸುಳ್ಳು ಹೇಳುವುದಿಲ್ಲ. ಮರುವರ್ಷ ಹತ್ತೊಂಬತ್ತು ಎಪಾಕ್ಸಿ ನೆಲ ಹಾಕಿದೆ. ಹದಿನೆಂಟು ಹೆಂಗಸರವು. ಹತ್ತೊಂಬತ್ತನೆಯದು ಒಬ್ಬ ಕುಡುಕನದು.

ಅಂಗಡಿಯ ಗೋಡೆಗೆ ಸಾಲಾಗಿ ಮಾದರಿ ಹಲಗೆಗಳನ್ನು ನೇತುಹಾಕಿದ್ದೆ. ತಿಪ್ಪವ್ವ ಒಂದೊಂದನ್ನೇ ಬೆರಳಿನಿಂದ ತಟ್ಟುತ್ತ ಹೋದಳು. ಅವಳಿಗೆ ಎಡಗಿವಿ ಕೇಳುತ್ತಿರಲಿಲ್ಲ. ಬಲಗಿವಿಯನ್ನು ಹಲಗೆಗೆ ಹತ್ತಿರ ತಂದು ಸಪ್ಪಳ ಆಲಿಸುತ್ತಿದ್ದಳು.

"ಇವೆಲ್ಲ ಟೊಳ್ಳ ಅದಾವ. ದಪ್ಪಂದು ತೋರಸು ಮಕ್ತುಮಾ," ಅಂದಳು.

"ಅತ್ತಿ, ಹೊಳಪಿಂದು ಒಮ್ಮೆ ನೋಡ್ರಿ," ಎಂದಳು ಮಹಾನಂದಾ. "ತೊಳ್ಯಾಕ ಚಲೋ. ರೊಟ್ಟಿ ಹಿಟ್ಟು ಬಿದ್ರೂ ಒರಸಿದ್ರ ಹೋಗ್ತೈತಿ."

"ನಾ ಸತ್ತ ಮ್ಯಾಲ ನಿನ್ನ ಹಿಟ್ಟಿನ ಚಿಂತಿ ನನಗ್ಯಾಕ? ನನ್ನ ಮ್ಯಾಲ ಎರಡು ಮಿಲಿ ಬಳೀತೀ ಏನು, ಹಂಚಿಗೆ ಎಣ್ಣಿ ಸವರಿದಂಗ?"

ಮಹಾನಂದಾ ನನ್ನ ಕಡೆ ತಿರುಗಿದಳು. ಗಂಡ ಹೋದ ಮೇಲೆ ಆ ಪಡಸಾಲೆಯಲ್ಲೇ ಆರು ಹೆಂಗಸರನ್ನು ಕೂಡಿಸಿಕೊಂಡು ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಮನೆ ನಡೆಸುತ್ತಿದ್ದವಳು ಅವಳು. ದನಿ ಏರಿಸದೆ ಮಾತಾಡುವುದು ಅವಳ ರೀತಿ.

"ಮಕ್ತುಮಣ್ಣಾರ, ನಮ್ಮ ಪಡಸಾಲಿ ಐದು ಅಡಿ ಮೂರು ಇಂಚು ಉಳದೈತಿ. ಈಕಿ ಐದೂವರಿ ಅಡಿ ಅದಾಳ. ಹದಿನೇಳು ವರ್ಷಕ್ಕ ಬೆನ್ನಿಗೆ ಪಟ್ಟಾ ಕಟಗೊಂಡು ಅಡ್ಡಾಡ್ತಾಳ. ಡಾಕ್ಟರು ಹೇಳ್ಯಾರ, ಇನ್ನೂ ಬಾಗಿದ್ರ ಎಲವು ಹಂಗ ಕೂಡ್ತಾವಂತ. ನೀವ ಹೇಳ್ರಿ, ನಾಲ್ಕು ಇಂಚು ಹೆಂಗ ಹಾಕಸಲಿ?"

ಶಿವಲೀಲಾ ಬಾಗಿಲ ಬಳಿ ನಿಂತಿದ್ದಳು. ನನ್ನ ಅಂಗಡಿಯ ತಗಡು ಹದಿನಾಲ್ಕು ಅಡಿ ಮೇಲಿತ್ತು. ಆದರೂ ಅವಳು ಕತ್ತು ಮುಂದೆ ಚಾಚಿ, ಹೆಗಲು ಕುಗ್ಗಿಸಿಕೊಂಡೇ ನಿಂತಿದ್ದಳು.

ತಿಪ್ಪವ್ವ ಬಾಯಾರಿಕೆ ಎಂದಳು. ಅಂಗಡಿಯ ಕೊಡದ ನೀರು ಒಲ್ಲೆ, ಬಿಸಿ ಚಹಾ ಬೇಕು ಎಂದು ಸೊಸೆಯನ್ನೂ ಮೊಮ್ಮಗಳನ್ನೂ ಎದುರಿನ ಹೋಟೆಲಿಗೆ ಕಳಿಸಿದಳು. ಅವರು ರಸ್ತೆ ದಾಟುವ ತನಕ ನೋಡಿ, ನನ್ನನ್ನು ಬಲಗಡೆಗೆ ಕರೆದಳು.

"ನಾಲ್ಕು ಇಂಚೂ ನನಗಲ್ಲ. ನನಗ ಎರಡು, ನನ್ನ ಕೂಸಿಗೆ ಎರಡು."

ಯಾವ ಕೂಸು ಎಂದು ಕೇಳಿದೆ. ಅವಳಿಗೊಬ್ಬ ಮಗನಿದ್ದದ್ದು, ಮಹಾನಂದಾಳ ಗಂಡ, ಅವನು ತೀರಿಕೊಂಡದ್ದು, ಅವನಿಗೆ ನಾನೇ ನಾಲ್ಕು ಇಂಚು ಹಾಕಿದ್ದು ನನಗೆ ಗೊತ್ತಿತ್ತು.

"ಅವನಗಿಂತ ಮೊದಲಿಂದು. ಹೆಣ್ಣು. ಹನ್ನೊಂದು ದಿನ ಇತ್ತು." ತಿಪ್ಪವ್ವ ತನ್ನ ಅಂಗೈ ನೋಡಿಕೊಂಡು ಮಾತಾಡಿದಳು. "ಹನ್ನೊಂದು ದಿನದ ಹೆಣ್ಣಿಗೆ ಎಲ್ಲೀ ನೆಲ ಅಂದ ನಮ್ಮ ಮಾವ. ನಮ್ಮತ್ತಿ ಮೂಲ್ಯಾಗ ಒಂದು ಮೊಳ ಸಗಣಿ ಸಾರಿಸಿದ್ಲು. ಹದಿನೈದು ದಿನಕ್ಕ ಅದು ಎದ್ದು ಹೋತು. ಆಮ್ಯಾಲ ಮಾವಗ ನೆಲ ಆತು, ಗಂಡಗ ಆತು, ಮಗಗ ಆತು. ಮೂರಕ್ಕೂ ಏಳೇಳು ದಿನ ಕೊಡದಲೆ ನೀರು ಹೊಡದೀನಿ. ನನ್ನ ಕಿವಿ ಹೋಗೂಹಂಗ ಹೊಡದ ಗಂಡಗ ಎಂಟು ಇಂಚು ಬಿತ್ತು ಮಕ್ತುಮಾ, ನಿಮ್ಮಪ್ಪನ ಹಾಕಿದ್ದು. ಅದರ ಕೆಳಗ ಎಲ್ಲೋ ನನ್ನ ಕೂಸಿಂದು ಒಂದು ಮೊಳ ಜಾಗಾ ಐತಿ."

"ಇದನ್ನ ಮಹಾನಂದಾಗ ಹೇಳವ್ವ. ಕೇಳ್ಯಾಳು," ಎಂದೆ.

"ಹೇಳೂದಿಲ್ಲ. ನೀನೂ ಹೇಳಬಾರದು. ಶಿವಲೀಲಾ ಹುಟ್ಟಿದಾಗ ನಾ ಹನ್ನೊಂದು ದಿನ ಅದರ ಮುಖ ನೋಡಲಿಲ್ಲ. ಹೆಣ್ಣಂತ ನೋಡಲಿಲ್ಲ ಅಂತ ಆಕಿ ತಿಳದಾಳ. ನನಗ ಹನ್ನೊಂದು ದಿನ ದಾಟಲಿ ಅಂತಿತ್ತು. ಈಗ ಹೇಳಿದ್ರ ಕನಿಕರ ಮಾಡ್ತಾಳ. ಇಪ್ಪತ್ತು ವರ್ಷ ಜಗಳಾಡಿ ಕಡೀಕ ಆಕಿ ಕನಿಕರ ನನಗ ಬ್ಯಾಡ."

ಅವಳು ಎದುರಿಗಿದ್ದ ನೀಲಿ ಹಲಗೆಯತ್ತ ಗದ್ದ ಎತ್ತಿ ತೋರಿಸಿದಳು.

"ಜೈತುನಬಿಗೆ ಇದನ್ನ ಬಳದಿಯಲ್ಲ. ಆಕಿ ನಿನಗ ಎಷ್ಟು ವರ್ಷ ಅಡಗಿ ಮಾಡಿ ಹಾಕಿದ್ಲು?"

"ಇಪ್ಪತ್ತಾರು."

"ಹೂಂ," ಅಂದಳು. ಆಮೇಲೆ ಗಾರೆ ಸವರುವ ನನ್ನ ಕರಣಿಯನ್ನು ತರಿಸಿ, ಅದನ್ನು ಮುಟ್ಟಿಸಿ ಎರಡು ಆಣೆ ಹಾಕಿಸಿಕೊಂಡಳು. ನಾಲ್ಕು ಇಂಚು ಹಾಕುವುದು ಒಂದು, ಯಾರಿಗೂ ಹೇಳದಿರುವುದು ಇನ್ನೊಂದು. ಇಟ್ಟಂಗಿ ಕೆಂಪು ಬಣ್ಣ, ಸುತ್ತ ಬಳ್ಳಿ ಅಂಚಿನ ಅಚ್ಚು ಆರಿಸಿದಳು. ಚಹಾ ಬಂದಾಗ ಅವಳು ಕಣ್ಣು ಮುಚ್ಚಿ ಕುರ್ಚಿಗೆ ಒರಗಿದ್ದಳು. ಮಹಾನಂದಾ ಲೋಟವನ್ನು ಅವಳ ಕೈಗೆ ಕೊಟ್ಟು, ಚಹಾ ತುಳುಕಿದ್ದನ್ನು ನೋಡಿ ಮತ್ತೆ ತಾನೇ ಹಿಡಿದು ಕುಡಿಸಿದಳು. ಕುಡಿಸುವಾಗ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅದಾದ ಇಪ್ಪತ್ತು ದಿನಕ್ಕೆ ತಿಪ್ಪವ್ವ ಹೋದಳು. ಮಣ್ಣು ಮಾಡಿದ ಮೂರನೆಯ ದಿನ ಮಹಾನಂದಾ ಒಬ್ಬಳೇ ಅಂಗಡಿಗೆ ಬಂದಳು. ಎಪಾಕ್ಸಿ ಎಂದಳು.

"ಅವ್ವ ಬ್ಯಾರೆ ಆರಿಸಿದ್ಲಲ್ಲ," ಎಂದೆ.

"ಗೊತ್ತೈತ್ರಿ. ಇಪ್ಪತ್ತು ವರ್ಷ ನನ್ನ ಮ್ಯಾಲ ಕಾಲಿಟಗೊಂಡು ಬಾಳಿದ್ಲು. ಸತ್ತ ಮ್ಯಾಲ ನನ್ನ ಮಗಳ ಬೆನ್ನ ಮ್ಯಾಲೂ ಕೂಡ್ತಾಳೇನು? ನಾಲ್ಕು ಇಂಚು ಹಾಕಿದ್ರ ನನ್ನ ತಲೀನೂ ಜಂತಿಗೆ ಬಡೀತೈತಿ. ನಾ ಹಾಕಸೂದಿಲ್ಲ. ನೀವು ಹಾಕೂದಿಲ್ಲ ಅಂದ್ರ ಡಬ್ಬಿ ಕೊಡ್ರಿ, ನಾನ ಬಳೀತೀನಿ."

ಆಗ ಹೇಳಬಹುದಿತ್ತು. ಹೇಳಿದ್ದರೆ ಅವಳು ಕೇಳುತ್ತಿದ್ದಳೋ ಇಲ್ಲವೋ, ಹೇಳಬಹುದಂತೂ ಇತ್ತು. ಹೇಳಿದರೆ ಒಂದು ಆಣೆ ಮುರಿಯುತ್ತದೆ, ಹೇಳದೆ ಎಪಾಕ್ಸಿ ಹಾಕಿದರೆ ಇನ್ನೊಂದು. ನಾನು ಎರಡರಲ್ಲಿ ಸುಲಭವಾದದ್ದನ್ನು ಉಳಿಸಿಕೊಂಡೆ. ಶಿವಲೀಲಾಳ ಬೆನ್ನು ನೋಡಿದ್ದೇನಲ್ಲ, ಬದುಕಿರುವವರದು ಮೊದಲು ಎಂದು ನನಗೆ ನಾನೇ ಹೇಳಿಕೊಂಡೆ. ಅದೂ ನಿಜವೇ ಆಗಿತ್ತು.

ಎಪಾಕ್ಸಿಗೆ ಕೆಳಗಿನ ನೆಲ ಒಣಗಿರಬೇಕು. ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಪಟ್ಟಿ ಅಂಟಿಸಿ ಒಂದು ದಿನ ಬಿಟ್ಟು ತೆಗೆದರೆ, ತೇವ ಇದ್ದಲ್ಲಿ ಒಳಬದಿಗೆ ನೀರಿನ ಹನಿ ಕೂತಿರುತ್ತದೆ. ತಿಪ್ಪವ್ವ ಹೋದ ಮೂವತ್ತನೆಯ ದಿನ ಅವರ ಪಡಸಾಲೆಯ ಮೂರು ಕಡೆ ಅಂಟಿಸಿದೆ. ಎರಡು ಒಣಗಿದ್ದವು. ತಿಪ್ಪವ್ವನ ಹಾಸಿಗೆ ಇದ್ದ ಮೂಲೆಯಲ್ಲಿ ಹಾಳೆ ಮಂಜು ಹಿಡಿದಿತ್ತು. ಆ ಗೋಡೆಯ ಹಿಂದೆ ಬಚ್ಚಲು. ಒಣಗಲು ತಿಂಗಳಾದರೂ ಬಿಡಬೇಕು, ಅಷ್ಟರಲ್ಲಿ ನಲವತ್ತು ದಿನ ಮುಗಿಯುತ್ತದೆ. ರೊಟ್ಟಿಯ ಹೆಂಗಸರು ಆಗಲೇ ಅಂಗಳದ ಬಿಸಿಲಿನಲ್ಲಿ ಕೂತು ಬಡಿಯುತ್ತಿದ್ದರು. ನಾನು ಹಾಳೆಯನ್ನು ಮುದುಡಿ ಜೇಬಿಗಿಟ್ಟುಕೊಂಡೆ. ಮಹಾನಂದಾ ಕೇಳಿದಾಗ ಚಲೋ ಒಣಗೈತಿ ಎಂದೆ.

ಮೂವತ್ತಮೂರನೆಯ ದಿನ ಇಟ್ಟಂಗಿ ಕೆಂಪು ಸುರಿದೆ. ಅದು ಬಿಗಿದ ಮೇಲೆ ಮೊಣಕಾಲ ಮೇಲೆ ಕೂತು, ಕುಂಚ ಹಿಡಿದು, ಗೋಡೆಯ ಸುತ್ತ ಬಳ್ಳಿ ಅಂಚು ಬರೆದೆ. ಯಾರೂ ಕೇಳಿರಲಿಲ್ಲ. ಎರಡು ದಿನ ಹಿಡಿಯಿತು. ಮಹಾನಂದಾ ಬಾಗಿಲಿಂದ ನೋಡಿ, "ಎಷ್ಟು ಚಂದ ಬರದೀರಿ," ಎಂದಳು. ನಾನು ತಲೆ ಎತ್ತಲಿಲ್ಲ.

ನಾಲ್ಕು ವಾರಕ್ಕೆ ಮೊದಲ ಗುಳ್ಳೆ ಎದ್ದಿತು. ಒಲೆಯ ಮೇಲೆ ರೊಟ್ಟಿ ಉಬ್ಬುವ ಹಾಗೆ, ಹಾಸಿಗೆ ಇದ್ದ ಆ ಮೂಲೆಯಲ್ಲೇ. ಮೊದಲು ನೋಡಿದವಳು ರೊಟ್ಟಿಯ ಹೆಂಗಸರಲ್ಲಿ ಹಿರಿಯಳಾದ ಸಂಕವ್ವ. ಮಹಾನಂದಾ ಅದರ ಮೇಲೆ ಚಾಪೆ ಹಾಸಿದಳು. ವಾರದಲ್ಲಿ ಮತ್ತೆ ಮೂರು ಎದ್ದವು. ಒಂದು ಬೆಳಗ್ಗೆ ಹಿಟ್ಟು ನಾದುತ್ತಿದ್ದ ಸಂಕವ್ವನ ಮಂಡಿಯ ಕೆಳಗೇ ಒಂದು ಗುಳ್ಳೆ ಮೆತ್ತಗೆ ಅಲುಗಿತಂತೆ. ಅವಳು ಹಿಟ್ಟಿನ ಪರಾತ ಬಿಟ್ಟು ಎದ್ದಳು.

"ಮುದುಕಿ ಏಳಾಕತ್ತಾಳ," ಎಂದಳು. "ಆಕಿ ಕೇಳಿದ್ದು ನೀ ಹಾಕಲಿಲ್ಲ ಮಹಾನಂದಾ. ಊರಿಗೆಲ್ಲ ಗೊತ್ತೈತಿ. ನಾ ಇಲ್ಲಿ ಕುಂದ್ರೂದಿಲ್ಲವ್ವ." ಆ ದಿನವೇ ಆರೂ ಜನ ಹೋದರು. ಎರಡು ದಿನದಲ್ಲಿ ಖಾನಾವಳಿಯವರೂ ಬೇರೆ ಕಡೆ ಹೇಳಿದರು. ಸತ್ತವಳು ಒಪ್ಪದ ನೆಲದ ಮೇಲೆ ಬಡಿದ ರೊಟ್ಟಿಯನ್ನು ಗಿರಾಕಿಗಳು ಮುಟ್ಟುವುದಿಲ್ಲ ಎಂಬುದು ಅವರ ಮಾತು.

ಇದೆಲ್ಲ ನನಗೆ ತಿಳಿದದ್ದು ಶಿವಲೀಲಾ ಅಂಗಡಿಗೆ ಓಡಿ ಬಂದಾಗ. "ಕಾಕಾ, ಅವ್ವ ನಿದ್ದೀನ ಮಾಡವಲ್ಲಳು. ಚೂರಿ ಹಿಡಕೊಂಡು ನೆಲದ ಮುಂದ ಕುಂತಾಳ. ನೀವು ಬರ್ರಿ," ಎಂದಳು. ಅಂಗಡಿಯ ಬಾಗಿಲನ್ನೂ ಹಾಕದೆ ಅವಳ ಹಿಂದೆ ಹೋದೆ.

ಪಡಸಾಲೆಯಲ್ಲಿ ಮಹಾನಂದಾ ಕೂದಲು ಕೆದರಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದಳು. ಚಾಪೆ ಮಡಚಿ ಮೂಲೆಗೆ ಎಸೆದಿದ್ದಳು. ನಾನು ಬಾಗಿ ಒಳಗೆ ಬಂದದ್ದನ್ನು ನೋಡಿ ಚೂರಿಯಿಂದಲೇ ತೋರಿಸಿದಳು.

"ಆಕಿ ಹಾಸಿಗಿ ಇದ್ದ ಜಾಗಾದಾಗ ನೋಡ್ರಿ. ಸಾಯೂ ಮುಂದ ನೀರು ಕುಡಿಸೀನಿ, ಹೇಲು ಬಳದೀನಿ. ಮತ್ಯಾಕ ಏಳ್ತಾಳ? ನಾ ಏನ್ ಕಡಿಮಿ ಮಾಡೀನಿ?"

"ಬ್ಯಾಡ ಮಹಾನಂದಾ, ನೆಲಕ್ಕ ಚೂರಿ ಹಚ್ಚಬಾರದು," ಎಂದೆ. ನನ್ನ ಮಾತು ಮುಗಿಯುವ ಮೊದಲೇ ಅವಳು ದೊಡ್ಡ ಗುಳ್ಳೆಗೆ ಚುಚ್ಚಿದಳು. ಒಳಗಿಂದ ಕಂದು ನೀರು ಚಿಮ್ಮಿ ಅವಳ ಮುಂಗೈ ಮೇಲೆ ಬಿತ್ತು. ಕೊಳೆತ ಸಿಮೆಂಟಿನ ವಾಸನೆ. ಗುಳ್ಳೆ ಸುಕ್ಕಾಗಿ ಕೆಳಗೆ ಕೂತಿತು. ಅವಳು ಹರಿದ ಚರ್ಮವನ್ನು ಬೆರಳಿನಿಂದ ಎತ್ತಿ ಒಳಗೆ ಇಣುಕಿದಳು. ತನ್ನ ಗಂಡನಿಗೆ ಹಾಕಿದ ಬೂದು ಕಾಂಕ್ರೀಟು ಕಾಣಿಸಿತು, ಅಷ್ಟೆ.

"ಏನೂ ಇಲ್ಲ," ಅಂದಳು. ಅದನ್ನು ನೋಡಿ ಅವಳಿಗೆ ಸಮಾಧಾನವಾಯಿತೋ ಇನ್ನೂ ಹೆದರಿಕೆಯಾಯಿತೋ ಹೇಳಲಾರೆ.

"ಅದು ಬಚ್ಚಲದ ನೀರು," ಎಂದೆ. "ನನಗ ಗೊತ್ತಿತ್ತು. ಹಾಳಿಗೆ ಹನಿ ಕುಂತಿತ್ತು, ನಿನಗ ಒಣಗೈತಿ ಅಂತ ಸುಳ್ಳು ಹೇಳಿದೆ. ತಪ್ಪು ನಂದು. ಆಕಿ ಎದ್ದಿಲ್ಲ."

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಅವಳು ನೆಲ ನೋಡುತ್ತ, "ಎದ್ದರೂ ಏಳಲಿ ಬಿಡ್ರಿ. ನನ್ನ ಕೂಸಿನ ಮುಖ ನೋಡದಾಕಿ, ಆಕಿ ಮುಖ ನಾನ್ಯಾಕ ನೋಡ್ಲಿ," ಎಂದುಬಿಟ್ಟಳು. ಶಿವಲೀಲಾ ಹೊಸ್ತಿಲಲ್ಲಿ ಜಂತಿಗೆ ಕೈ ಆನಿಸಿ ಬಾಗಿ ನಿಂತಿದ್ದಳು. ನನಗೆ ಇನ್ನು ತಡೆಯಲಾಗಲಿಲ್ಲ. ಕೂತಲ್ಲೇ ಎಲ್ಲವನ್ನೂ ಹೇಳಿದೆ. ಹನ್ನೊಂದು ದಿನದ ಕೂಸು, ಸಗಣಿ ಸಾರಿಸಿದ ಮೂಲೆ, ತನಗೆ ಎರಡು ಕೂಸಿಗೆ ಎರಡು ಎಂದದ್ದು, ಕರಣಿ ಮುಟ್ಟಿಸಿದ್ದು. ಹೇಳುತ್ತ ಹೋದಂತೆ ನನ್ನ ದನಿಯೇ ನನಗೆ ಅಸಹ್ಯವಾಯಿತು. ಎರಡನೆಯ ಆಣೆಯನ್ನೂ ಮುರಿದಿದ್ದೆ, ಅದೂ ಹೊತ್ತು ಮೀರಿದ ಮೇಲೆ.

ಮಹಾನಂದಾ ಮುಂಗೈಯ ಮೇಲಿನ ನೀರನ್ನು ಸೆರಗಿನಿಂದ ಒರೆಸಿ, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು.

"ಹನ್ನೊಂದು ದಿನ ನಾನೂ ಎಣಿಸೀನಿ," ಅಂದಳು ಕೊನೆಗೆ. "ಹನ್ನೆರಡನೇ ದಿನ ಮುಂಜಾನೆ ಎದ್ದು ಬಂದು ತೊಟ್ಟಲಕ್ಕ ಕೈ ಹಾಕಿದ್ಲು. ಈಗ ಯಾಕ ಬಂದ್ರಿ ಅಂತ ನಾ ಕೂಸಿನ್ನ ಕಸಗೊಂಡು ಒಳಗ ಹೋದೆ. ಆಮ್ಯಾಲ ಒಂದು ವರ್ಷ ಆಕಿ ಕೈಯಾಗ ಕೊಡಲಿಲ್ಲ." ಸಿಟ್ಟಿನಿಂದ ಮುಖ ಎತ್ತಿದಳು. "ಬಾಯಿರಲಿಲ್ಲೇನ್ರಿ ಆಕಿಗೆ? ಇಪ್ಪತ್ತು ವರ್ಷ ಒಂದ ಒಲಿ ಮುಂದ ಕುಂತೀವಿ. ಒಂದ ಮಾತು ಹೇಳಿದ್ರ ಏನ್ ಹೋಗ್ತಿತ್ತು? ನನ್ನ ಬಿಟ್ಟು ಗೌಂಡಿಗೆ ಹೇಳಿ ಹೋಗ್ತಾಳಲ್ಲ!"

ಶಿವಲೀಲಾ ಒಳಗೆ ಬಂದು ತಾಯಿಯ ಪಕ್ಕ ಕೂತಳು. ಕೂತಾಗ ಮಾತ್ರ ಅವಳ ಕತ್ತು ನೆಟ್ಟಗಾಗುತ್ತಿತ್ತು. "ಆ ಕೂಸು ನನಗ ಏನಾಗಬೇಕು ಅವ್ವ?" ಎಂದು ಕೇಳಿದಳು.

"ಸೋದರತ್ತಿ."

"ಹನ್ನೊಂದು ದಿನದ ಅತ್ತಿ," ಎಂದು ಹುಡುಗಿಗೆ ನಗು ಬಂತು. ನಗು ನಿಲ್ಲದೆ ಹೋಗಿ, ಹಾಗೇ ಅಳು ಬಂತು. ಮಹಾನಂದಾ ಅವಳ ಬೆನ್ನ ಪಟ್ಟಿಯ ಮೇಲೆ ಕೈಯಿಟ್ಟುಕೊಂಡು ಕೂತಳು. ನಾನು ಸದ್ದು ಮಾಡದೆ ಎದ್ದು ಬಂದೆ.

ಮರುದಿನ ಮಧ್ಯಾಹ್ನ ಇಬ್ಬರೂ ಅಂಗಡಿಗೆ ಬಂದರು. ನಾಲ್ಕು ಇಂಚು ಹಾಕಿಕೊಡುತ್ತೇನೆ, ನನ್ನ ತಪ್ಪು, ನನ್ನದೇ ಸಿಮೆಂಟು ಎಂದು ನಾನು ಮೊದಲೇ ಹೇಳಿದೆ.

"ನಾಲ್ಕು ಬ್ಯಾಡ," ಎಂದಳು ಮಹಾನಂದಾ. "ಆಕಿಗೆ ಬಳದಿದ್ದು ಸಾಕು. ಇಪ್ಪತ್ತು ವರ್ಷದ್ದನ್ನ ಒಂದು ರಾತ್ರಿಗೆ ಮರ್ಯಾಕ ನನಗ ಆಗೂದಿಲ್ಲ, ಆಗ್ತೈತಿ ಅಂತ ಸುಳ್ಳು ಹೇಳೂದೂ ಇಲ್ಲ. ಕೂಸಿಗೆ ಹಾಕ್ರಿ, ಎರಡು ಇಂಚು. ಐವತ್ತು ವರ್ಷ ಆತು ಅದಕ್ಕ."

ನಾನು ಶಿವಲೀಲಾಳ ಕಡೆ ನೋಡಿದೆ. ಎರಡು ಇಂಚು ಎಂದರೆ ಮಹಾನಂದಾಳ ತಲೆಗೆ ಜಂತಿ ಬಡಿಯುವುದಿಲ್ಲ, ಒಂದು ಬೆರಳು ಉಳಿಯುತ್ತದೆ. ತಗ್ಗುವವಳು ಇವಳು.

"ನೀ ಏನಂತೀ?" ಎಂದು ಕೇಳಿದೆ.

"ಹಾಕ್ರಿ ಕಾಕಾ. ಮೂರು ಇಂಚು ಬಾಗಾಕಿ ಐದು ಇಂಚು ಬಾಗ್ತೀನಿ," ಎಂದಳು. ಹಗುರಾಗಿ ಹೇಳಲು ನೋಡಿದಳು. ಅವಳ ತಾಯಿ ರಸ್ತೆಯತ್ತ ಮುಖ ತಿರುಗಿಸಿದಳು.

ಆಮೇಲೆ ಅವರಿಗೆಲ್ಲ ಏನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ರೊಟ್ಟಿಯ ಹೆಂಗಸರಲ್ಲಿ ನಾಲ್ವರು ತಿರುಗಿ ಬಂದರು. ಸಂಕವ್ವ ಬರಲಿಲ್ಲ. ಖಾನಾವಳಿಗಳಲ್ಲಿ ಒಂದು ಮಾತ್ರ ಮತ್ತೆ ರೊಟ್ಟಿ ತೆಗೆದುಕೊಂಡಿತು. ಶಿವಲೀಲಾಳ ಬೆನ್ನು ಸರಿಹೋಗಲಿಲ್ಲ. ಓದುವುದು, ಉಣ್ಣುವುದು, ಕೂದಲು ಒಣಗಿಸುವುದು ಎಲ್ಲವನ್ನೂ ಅವಳು ಅಂಗಳದಲ್ಲೇ ಮಾಡಿದಳು. ಆದರೂ ಇಪ್ಪತ್ತು ತುಂಬುವಷ್ಟರಲ್ಲಿ ಎಲುಬು ಡಾಕ್ಟರು ಹೇಳಿದ ಹಾಗೆಯೇ ಕೂಡಿಕೊಂಡಿತು. ಹೆಣ್ಣು ನೋಡಲು ಒಂದು ಕಡೆಯವರು ಬಂದಿದ್ದರು. ಟೇಪು ಹಿಡಿದು ಅಳೆದು, ಅವಲಕ್ಕಿಯ ತಟ್ಟೆ ಮುಟ್ಟದೆ ಎದ್ದು ಹೋದರು. ಊರಿನವರು ಒಂದು ವರ್ಷ ಎಪಾಕ್ಸಿಯ ಹೆಸರು ಎತ್ತಲಿಲ್ಲ. ಆಮೇಲೆ ಮತ್ತೆ ಶುರುಮಾಡಿದರು, ಮೊದಲಿನ ಹಾಗೆಯೇ ಹೆಂಗಸರಿಗೆ. ನಾನು ಬಳಿದು ಕೊಡುತ್ತಿದ್ದೇನೆ. ಹಾಳೆ ಅಂಟಿಸಿ, ಒಣಗುವ ತನಕ ಕಾಯುತ್ತೇನೆ, ನಲವತ್ತು ದಿನ ಮೀರಿದರೆ ಬೈಸಿಕೊಳ್ಳುತ್ತೇನೆ. ಅದಕ್ಕಿಂತ ಹೆಚ್ಚಿನ ಧೈರ್ಯ ನನ್ನಲ್ಲಿ ಬೆಳೆಯಲಿಲ್ಲ.

ಆದರೆ ಆ ಎರಡು ಇಂಚನ್ನು ನಾನು ಸರಿಯಾಗಿ ಹಾಕಿದೆ. ಬಚ್ಚಲ ಗೋಡೆಯನ್ನು ಹೊರಗಿನಿಂದ ಅಗೆದು ನೀರು ಜಿನುಗುವುದನ್ನು ನಿಲ್ಲಿಸಿದೆ. ಎಪಾಕ್ಸಿಯ ನುಣುಪಿಗೆ ಸಿಮೆಂಟು ಹಿಡಿಯುವುದಿಲ್ಲವೆಂದು ಇಡೀ ಪಡಸಾಲೆಗೆ ತಂತಿಯ ಜಾಳಿಗೆ ಹಾಸಿದೆ. ಸಣ್ಣ ಜಲ್ಲಿಯ ಖಡಿ ಜರಡಿ ಹಿಡಿದು, ಉಸುಕನ್ನು ಮೂರು ಸಲ ತೊಳೆದು ಕಲಸಿದೆ. ಮನೆಯೊಳಗೆ ನಿಂತು ಕೆಲಸ ಮಾಡುವಂತಿರಲಿಲ್ಲ, ಮೊಣಕಾಲ ಮೇಲೆಯೇ ಹಿಂದೆ ಹಿಂದೆ ಸರಿಯುತ್ತ ಮಟ್ಟ ಮಾಡಿದೆ. ಬಳ್ಳಿಯ ಅಚ್ಚನ್ನು ಗೋಡೆಯುದ್ದಕ್ಕೂ ಒತ್ತಿದೆ. ತಾಯಿ ಮಗಳು ಹೊರಗೆ ಕಟ್ಟೆಯ ಮೇಲೆ ಕೂತು ನೋಡುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹೊಸ್ತಿಲ ಬಳಿ ಒಂದು ಮೊಳ ಅಗಲ ಉಳಿಯಿತು.

ಕೊನೆಯ ಕರಣಿ ಎಳೆಯುವ ಮೊದಲು ಗೌಂಡಿಯಾದವನು ಹೊಸ್ತಿಲಲ್ಲಿ ಕೂತು ನೆಲ ಯಾರದೆಂದು ಕೇಳಬೇಕು. ಮನೆಯ ಹಿರಿಯರು ಸತ್ತವರ ಹೆಸರನ್ನು ಗಟ್ಟಿಯಾಗಿ ಹೇಳಬೇಕು. ಹೆಸರು ಹೇಳದೆ ನೆಲ ಮುಗಿಯುವುದಿಲ್ಲ. ತಿಪ್ಪವ್ವನ ಎಪಾಕ್ಸಿ ಹಾಕಿದ ದಿನ ನಾನು ಕೇಳಿದಾಗ ಮಹಾನಂದಾ ಅಡುಗೆಮನೆಯಿಂದ ಹೊರಗೇ ಬಂದಿರಲಿಲ್ಲ. ಅತ್ತೆಯ ಹೆಸರನ್ನು ಸೊಸೆ ಬಾಯಲ್ಲಿ ಆಡುವ ರೂಢಿ ನಮ್ಮಲ್ಲಿಲ್ಲ ನಿಜ, ನೆಲದ ದಿನ ಮಾತ್ರ ಆಡಬಹುದು. ಅಂದು ಶಿವಲೀಲಾ ಹೇಳಿ ಮುಗಿಸಿದ್ದಳು.

ಈ ಸಲ ಕೇಳಲು ಬಾಯಿ ತೆರೆದಾಗಲೇ ನನಗೆ ಹೊಳೆದದ್ದು, ಈ ಕೂಸಿಗೆ ಹೆಸರೇ ಇಲ್ಲವೆಂದು. ನಮ್ಮಲ್ಲಿ ಹೆಸರಿಡುವುದು ಹದಿಮೂರನೆಯ ದಿನ. ಮಹಾನಂದಾಳಿಗೂ ಆಗಲೇ ಹೊಳೆದಿರಬೇಕು. ಮಗಳ ಮುಖ ನೋಡಿದಳು. ಶಿವಲೀಲಾ ತಾನೇ ಒಂದು ಹೆಸರು ಹೇಳುವವಳಂತೆ ತುಟಿ ಅಲುಗಿಸಿದಳು, ತಾಯಿ ಕೈ ಎತ್ತಿ ತಡೆದಳು.

"ಯಾರ ನೆಲ ಇದು?" ಎಂದು ಕೇಳಿದೆ.

ಕಾಂಕ್ರೀಟು ಬಿಗಿಯತೊಡಗಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಕರಣಿ ಓಡುತ್ತಿರಲಿಲ್ಲ. ಮಹಾನಂದಾ ಕಟ್ಟೆಯಿಂದ ಇಳಿದು ಬಂದು, ನನ್ನ ಪಕ್ಕದಲ್ಲಿ ಹೊಸ್ತಿಲಿಗೆ ಕೈಯೂರಿ ಕೂತಳು. ಒಳಗಿನ ಹಸಿ ನೆಲವನ್ನು ಈ ಗೋಡೆಯಿಂದ ಆ ಗೋಡೆಯ ತನಕ ನೋಡಿದಳು.

"ತಿಪ್ಪವ್ವನ ಮಗಳದು," ಅಂದಳು.

ಗಟ್ಟಿಯಾಗಿ ಹೇಳಬೇಕಿತ್ತು, ಮೆಲ್ಲಗೆ ಹೇಳಿದಳು. ನಾನು ಮತ್ತೆ ಕೇಳಲಿಲ್ಲ. ಕೊನೆಯ ಕರಣಿ ಎಳೆದು, ಕೈ ತೊಳೆದು, ಬಾಗಿಲು ಮುಂದಕ್ಕೆ ಎಳೆದು ಹಾಕಿದೆ.